ಆಸಿಡ್ ತಿಂದ ಶಹಾಬಾದ್ ಕಲ್ಲು, ಬಿಳಿ ಅಂಗಿಯ ಕಂದು ಚುಕ್ಕೆ

ಪ್ರಶ್ನೆ: ನಮಸ್ಕಾರ್ರಿ. ನಮ್ಮ ಮನೆ ಕೊಪ್ಪಳದ ಹತ್ರ, ಗಿಣಿಗೇರಾ ಕಡೆ. ಪಡಸಾಲಿಗೆ, ಅಡಿಗಿಮನಿಗೆ ನಮ್ಮ ಮಾವನೋರು ಹಾಕಿಸಿದ ಶಹಾಬಾದ್ ಕಲ್ಲು ಐತಿ, ಬಚ್ಚಲಕ್ಕ ಟೈಲ್ಸ್. ನೀರು ಬೋರಿಂದು. ಸುತ್ತ ಫ್ಯಾಕ್ಟರಿ ಅದಾವ, ಮುಂಜಾನೆ ಒರಿಸಿದ್ರ ಸಂಜಿಗೆ ಅಂಗಾಲು ಕರ್ರಗ ಆಗ್ತಾವ. ದೀಪಾವಳಿಗೆ ನೆಲದ ಕಲಿ ಹೋಗ್ಲಿ ಅಂತ ಸಂಡಾಸಕ್ಕ ಹಾಕೋ ಆಸಿಡ್ ನೀರಿಗೆ ಕಲಸಿ ಕಲ್ಲಿಗೆ ಹಾಕಿ ತಿಕ್ಕಿದ್ವಿ. ಬುಸುಬುಸು ನೊರಿ ಬಂತು, ಹೊಲಸು ಹೊಂಟತಿ ಅಂತ ಖುಷಿಯಾತು. ಒಣಗಿದ ಮ್ಯಾಲ ನೋಡಿದ್ರ ನೆಲ ಬೂದಿ ಬಡದಂಗ ಬೆಳ್ಳಗ, ಕೈ ಆಡಿಸಿದ್ರ ಒರಟು. ಈಗ ಮೊದಲಿಗಿಂತ ಜಲ್ದಿ ಕರಿ ಹಿಡಿತೈತಿ. ಮಗನ ಸಾಲಿ ಬಿಳಿ ಅಂಗಿ ಮ್ಯಾಲ ಸಣ್ಣ ಸಣ್ಣ ಕಂದು ಚುಕ್ಕಿ ಬಿದ್ದಾವ, ಬ್ಲೀಚ್ ಹಾಕಿದ್ರ ಹೋಗೋದಿರ್ಲಿ, ಇನ್ನೂ ಎದ್ದು ಕಾಣಾಕತ್ತಾವ. ನಳಕ್ಕ, ಬಕೀಟಿಗೆ ಬಿಳಿ ಪದರ ಕಟ್ಟೈತಿ. ಬಾಜು ಮನಿಯೋರು ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಕೂಡ್ಸಿ ಹಾಕ್ರಿ ಅಂತಾರ. ಮೈದುನ ಮೊಬೈಲ್‌ನಾಗ ನೋಡಿ ಸೋಡಾ-ವಿನೆಗರ್ ಅಂತಾನ. ಗವಿಮಠದ ಜಾತ್ರಿಗೆ ಬೀಗರು ಬರೋರದಾರ. ಅಷ್ಟರೊಳಗ ಏನು ಮಾಡ್ಲಿ? ಕಲ್ಲು ಕಿತ್ತು ಟೈಲ್ಸ್ ಹಾಕ್ಸೋದ ಚಲೋ ಏನು?

ಉತ್ತರ: ಅಕ್ಕಾ, ಬೇರೆಲ್ಲ ಆಮೇಲೆ ನೋಡೋಣ. ಬಾಜು ಮನೆಯವರ ಮಾತು ಮಾತ್ರ ಕೇಳಬೇಡಿ. ಆಸಿಡ್ಡೂ ಬ್ಲೀಚಿಂಗ್ ಪೌಡರೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಸಣ್ಣದಿರುವ ಬಚ್ಚಲಲ್ಲಿ ಅದು ನಾಲ್ಕು ಉಸಿರಿನಲ್ಲೇ ಎದೆ ಹಿಡಿಸುತ್ತದೆ. ಎರಡನ್ನೂ ಒಂದೇ ಬಕೆಟ್ಟಿಗೆ ಸುರಿಯುವುದು ಮಾತ್ರ ಅಪಾಯ ಎಂದುಕೊಳ್ಳಬೇಡಿ. ಬೆಳಿಗ್ಗೆ ಸಂಡಾಸಕ್ಕೆ ಬ್ಲೀಚಿಂಗ್ ಪೌಡರ್ ಉದುರಿಸಿ, ಸರಿಯಾಗಿ ನೀರು ಹಾಕದೆ ಮಧ್ಯಾಹ್ನ ಅದರ ಮೇಲೆ ಆಸಿಡ್ ಹಾಕಿದರೂ ಅದೇ ಆಗುತ್ತದೆ. ನಾನು ನೋಡಿದ ಅವಘಡಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಒಬ್ಬರು ಹಾಕಿ ಹೋಗಿರುತ್ತಾರೆ, ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಘಾಟು ಹೊಡೆದ ಕೂಡಲೇ ತಿಕ್ಕುವುದನ್ನು ಅಲ್ಲೇ ಬಿಟ್ಟು ಬಯಲಿಗೆ ಬನ್ನಿ. ಕೆಮ್ಮು, ಉಬ್ಬಸ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಕಣ್ಣಿಗೋ ಚರ್ಮಕ್ಕೋ ಆಸಿಡ್ ಸಿಡಿದರೆ ಹದಿನೈದು–ಇಪ್ಪತ್ತು ನಿಮಿಷ ಹರಿಯುವ ನೀರು ಬಿಡುತ್ತಲೇ ಇರಬೇಕು. ಸೋಡಾ, ಸುಣ್ಣ, ಅರಿಶಿನ ಯಾವುದನ್ನೂ ಬಳಿಯಬಾರದು. ಕಣ್ಣಿಗೆ ಬಿದ್ದಿದ್ದರೆ ತೊಳೆದ ಮೇಲೆ ಡಾಕ್ಟರಿಗೆ ತೋರಿಸಲೇಬೇಕು.

ಇನ್ನು ನೆಲದ ಮಾತು. ಬಳ್ಳಾರಿ, ಕೊಪ್ಪಳ ಸುತ್ತ ನೆಲ ಪಾಲಿಶ್ ಮಾಡಿಸುವುದು, ಮನೆ–ಆಸ್ಪತ್ರೆಗಳ ಸ್ವಚ್ಛತೆಯ ಗುತ್ತಿಗೆ ಹಿಡಿಯುವುದು ನನ್ನ ಕೆಲಸ. ನಿಮ್ಮ ಕಾಗದದಲ್ಲಿರುವಂಥ ನೆಲವನ್ನು ಪ್ರತಿ ದೀಪಾವಳಿ ಕಳೆದ ಮೇಲೆ ನೋಡುತ್ತೇನೆ. ಎಲ್ಲರೂ ಕೇಳುವುದು ಒಂದೇ: ಈ ಬಿಳಿ ಕಲೆ ತೆಗೆಯಲು ಯಾವ ಪುಡಿ ಹಾಕಬೇಕು? ಯಾವ ಪುಡಿಯೂ ಅದನ್ನು ತೆಗೆಯುವುದಿಲ್ಲ, ಯಾಕೆಂದರೆ ಅಲ್ಲಿ ಕಲೆಯೇ ಇಲ್ಲ. ಕಲ್ಲಿನ ಮೇಲ್ಮೈಯೇ ಹೋಗಿದೆ.

ಶಹಾಬಾದ್ ಕಲ್ಲು ಕಲಬುರಗಿ ಜಿಲ್ಲೆಯ ಸುಣ್ಣದ ಕಲ್ಲು. ಅಡುಗೆಕಟ್ಟೆಗೆ ಹಾಕುವ ಕರಿ ಕಡಪ ಕಲ್ಲೂ ಅದೇ ಜಾತಿಯದು. ಎರಡರಲ್ಲೂ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಸಂಡಾಸಕ್ಕೆ ಹಾಕುವ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ ಅದರ ಮೇಲೆ ಬಿದ್ದ ಕೂಡಲೇ ಕಲ್ಲು ಕರಗಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಏಳುತ್ತದೆ. ನೀವು ಹೊಲಸು ಹೊರಟಿತೆಂದು ಖುಷಿಪಟ್ಟ ಆ ಬುಸುಬುಸು ನೊರೆ ನಿಮ್ಮ ಮಾವನವರ ಕಲ್ಲೇ. ಹೊಲಸೂ ಒಂದಿಷ್ಟು ಹೋಗಿದೆ ನಿಜ, ಆದರೆ ತಾನು ಕೂತಿದ್ದ ಕಲ್ಲನ್ನೂ ಕರೆದುಕೊಂಡೇ ಹೋಗಿದೆ.

ವರ್ಷಗಟ್ಟಲೆ ಓಡಾಡಿ ನುಣುಪಾಗಿದ್ದ ಮೈ ಹೋಗಿ ಕಣ್ಣಿಗೆ ಕಾಣದ ಗುಂಡಿಗಳು ಬಿದ್ದಿವೆ. ಬೆಳಕು ಆ ಗುಂಡಿಗಳಲ್ಲಿ ಚದುರುವುದರಿಂದ ನೆಲ ಬಿಳಚಿಕೊಂಡಂತೆ ಕಾಣುತ್ತದೆ. ಮೊದಲಿಗಿಂತ ಬೇಗ ಕಪ್ಪಾಗುವುದಕ್ಕೂ ಅದೇ ಕಾರಣ: ಕಸಬರಿಗೆಗೆ ಸಿಗದ ಧೂಳು ಆ ಗುಂಡಿಗಳಲ್ಲಿ ಕೂರುತ್ತದೆ. ಅದನ್ನು ನೋಡಿ ಮತ್ತೆ ಆಸಿಡ್ ಹಾಕಿದರೆ ಗುಂಡಿ ಇನ್ನೂ ಆಳವಾಗುತ್ತದೆ. ಹೀಗೆ ಹಬ್ಬಹಬ್ಬಕ್ಕೂ ಆಸಿಡ್ ಹಾಕಿ, ಕಾಲಿಟ್ಟರೆ ಮರಳು ಕಾಗದದ ಹಾಗೆ ಚುಚ್ಚುವ ಪಡಸಾಲೆಗಳು ನಮ್ಮ ಕಡೆ ಎಷ್ಟೋ ಇವೆ.

ನೆಲದ ಮೇಲಿರುವುದು ಬೋರ್ ನೀರಿನ ಪದರವೋ, ಆಸಿಡ್ ತಿಂದ ಗುರುತೋ ಎಂದು ಉಗುರಿನಿಂದಲೇ ಗೊತ್ತುಮಾಡಿಕೊಳ್ಳಬಹುದು. ಬಿಳಿ ಇರುವ ಕಡೆಯಿಂದ ಇಲ್ಲದ ಕಡೆಗೆ ಉಗುರು ಎಳೆಯಿರಿ. ಪದರವಾದರೆ ಅಂಚಿನಲ್ಲಿ ಉಗುರು ತಡವರಿಸುತ್ತದೆ, ಹೆರೆದರೆ ಪುಡಿ ಉದುರುತ್ತದೆ. ಆಸಿಡ್ ತಿಂದಿದ್ದರೆ ಮೇಲೆದ್ದಿದ್ದು ಏನೂ ಸಿಗುವುದಿಲ್ಲ, ಬರೀ ಒರಟು. ಒದ್ದೆ ಬಟ್ಟೆ ಆಡಿಸಿದಾಗ ಕಲ್ಲಿನ ಹಳೆಯ ಬಣ್ಣ ಮರಳಿ, ಒಣಗಿದ ಕೂಡಲೇ ಮತ್ತೆ ಬಿಳಚಿಕೊಂಡರೆ ಅನುಮಾನವೇ ಬೇಡ.

ಆಸಿಡ್ ಹಾಕಿದ ನೆಲವನ್ನು ಚೆನ್ನಾಗಿ ತೊಳೆಯದಿದ್ದರೆ ಇನ್ನೊಂದು ಕಿರಿಕಿರಿ ಇದೆ. ಕಲ್ಲು ಕರಗಿದಾಗ ಹುಟ್ಟುವ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯಲ್ಲಿನ ತೇವ ಹೀರಿಕೊಳ್ಳುವ ಉಪ್ಪು. ಮೋಡ ಕವಿದ ದಿನ ನೆಲ ಬೆವರಿದಂತೆ ಅಂಟಂಟಾದರೆ ಅದು ಇನ್ನೂ ಸಂದುಗಳಲ್ಲಿದೆ ಎಂದು ತಿಳಿಯಿರಿ. ಹಾಗಿದ್ದರೆ ಬರೀ ನೀರು ಸುರಿದು, ಬಟ್ಟೆಯಿಂದ ಹಿಂಡಿ ಎತ್ತಿ, ಹೊಸ ನೀರಿನಿಂದ ಮತ್ತೆ ಹಾಗೆಯೇ ಮಾಡಿ. ಸುರಿದ ನೀರು ನೆಲದಲ್ಲೇ ಒಣಗಲು ಬಿಟ್ಟರೆ ಪ್ರಯೋಜನವಿಲ್ಲ. ನಲ್ಲಿಯಲ್ಲಿ ಹೊಳೆ ನೀರು ಬರುವ ದಿನವಿದ್ದರೆ ಈ ಕೆಲಸಕ್ಕೆ ಅದನ್ನೇ ಬಳಸಿ.

ಅಂದಮೇಲೆ ನೆಲಕ್ಕೆ ಏನು ಮಾಡಬಹುದು?

ಸರಿಯಾದ ರಿಪೇರಿ ಅಂದರೆ ಮಷೀನ್ ಪಾಲಿಶ್. ನೀರು ಬಿಟ್ಟುಕೊಂಡು ಮೊದಲು ಒರಟು ನಂಬರಿನ ಉಜ್ಜುಗಲ್ಲು, ಆಮೇಲೆ ನಯವಾದ ನಂಬರುಗಳು ಎಂದು ಉಜ್ಜುತ್ತ ಹೋಗುತ್ತಾರೆ. ಗುಂಡಿ ಬಿದ್ದ ಮೇಲ್ಪದರ ತೆಗೆದು ಕೆಳಗಿನ ಗಟ್ಟಿ ಕಲ್ಲನ್ನು ಹೊರಗೆ ತರುವ ಕೆಲಸ ಇದು. ಫಲಿತಾಂಶ ಚೆನ್ನಾಗಿರುತ್ತದೆ, ತಾಪತ್ರಯವೂ ಅಷ್ಟೇ ಇರುತ್ತದೆ. ಮನೆ ಖಾಲಿ ಮಾಡಬೇಕು, ಬೂದು ಬಣ್ಣದ ರಾಡಿ ಗೋಡೆಯ ಬುಡದವರೆಗೆ ಸಿಡಿಯುತ್ತದೆ, ಆ ರಾಡಿಯನ್ನು ಬಚ್ಚಲ ಮೋರಿಗೆ ಬಿಟ್ಟರೆ ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಕೆಟ್ಟಿನಲ್ಲಿ ತುಂಬಿ ಹೊರಗೆ ಒಣಗಿಸಲು ಮೊದಲೇ ಹೇಳಿಡಿ. ಇನ್ನೊಂದನ್ನು ಮೊದಲೇ ನೋಡಬೇಕು. ನಿಮ್ಮ ಕಲ್ಲು ಗಣಿಯಿಂದ ಸೀಳಿ ತಂದು ಹಾಗೆಯೇ ಹಾಸಿದ ಹಳೆಯ ಕಾಲದ ಏರಿಳಿತದ ಕಲ್ಲೋ, ಮಟ್ಟ ಮಾಡಿ ಹಾಸಿದ್ದೋ? ಏರಿಳಿತವಿದ್ದರೆ ಮಷೀನು ದಿಬ್ಬಗಳನ್ನಷ್ಟೇ ಉಜ್ಜುತ್ತದೆ, ತಗ್ಗಿನಲ್ಲಿ ಬಿಳಿ ಹಾಗೆಯೇ ಉಳಿಯುತ್ತದೆ. ಪೂರ್ತಿ ಮಟ್ಟ ಮಾಡಲು ಹೋದರೆ ಕಲ್ಲು ತೆಳುವಾಗುತ್ತದೆ. ಬೆರಳ ಗೆಣ್ಣಿನಿಂದ ಬಡಿದು ನೋಡಿ, ಡೊಳ್ಳು ಸದ್ದು ಬರುವ ಕಲ್ಲುಗಳ ಕೆಳಗೆ ಗಾರೆ ಬಿಟ್ಟಿರುತ್ತದೆ. ಅವನ್ನು ಮೊದಲು ಕೂರಿಸದೆ ಮಷೀನು ಇಳಿಸಿದರೆ ಒಡೆಯುತ್ತವೆ.

ಪಾಲಿಶ್‌ನವರು ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಉಜ್ಜುವುದನ್ನು ನೋಡಿ ಎಷ್ಟೋ ಜನ ತಾವೂ ಅದನ್ನೇ ತಂದು ಬಕೆಟ್ಟಿಗೆ ಹಾಕಿ ಒರೆಸಲು ಶುರು ಮಾಡುತ್ತಾರೆ. ಮೊಸಾಯಿಕ್‌ಗೆ, ಸುಣ್ಣದ ಕಲ್ಲಿಗೆ ಅದು ಮಷೀನಿನ ಒತ್ತಡದಡಿ, ಅಳತೆಯಲ್ಲಿ ಮಾಡುವ ಕೊನೆಯ ಹಂತ. ದಿನಾ ಒರೆಸುವ ನೀರಿಗೆ ಹಾಕುವ ಪದಾರ್ಥವಲ್ಲ. ಹೊಟ್ಟೆಗೆ ಹೋದರೆ ಕಿಡ್ನಿಗೆ ಪೆಟ್ಟು ಕೊಡುವ ವಿಷ ಅದು, ನೋಡಲು ಮಾತ್ರ ಸಕ್ಕರೆ–ಉಪ್ಪಿನ ಹಾಗೆಯೇ. ಕೆಲಸ ಮುಗಿದ ಮೇಲೆ ಉಳಿದ ಪೊಟ್ಟಣವನ್ನು ಅವರೇ ಒಯ್ಯಲಿ, ನಿಮ್ಮ ಅಡುಗೆಮನೆಯ ಮಾಡದಲ್ಲಿ ಬಿಟ್ಟು ಹೋಗದಿರಲಿ.

ಪಾಲಿಶ್ ಆಗಿ ಕಲ್ಲು ಪೂರ್ತಿ ಒಣಗಿದ ಮೇಲೆ ಒಳಗೆ ಇಳಿಯುವ ಜಾತಿಯ ಸೀಲರ್ ಹಾಕಿಸಿದರೆ ಎಣ್ಣೆ, ಚಹಾ ಬೇಗ ಇಂಗುವುದಿಲ್ಲ. ಮೇಲೆ ಹೊಳಪಿನ ಪದರ ಕಟ್ಟುವ ವಾರ್ನಿಷ್ ಬೇಡ. ಓಡಾಡುವ ದಾರಿಯಲ್ಲಿ ಅದು ಚಕ್ಕೆ ಏಳುತ್ತದೆ. ಸೀಲರ್ ಹಾಕಿಸಿದ್ದೇವೆ, ಇನ್ನು ನಿಂಬೆರಸ ಚೆಲ್ಲಿದರೂ ಪರವಾಗಿಲ್ಲ ಎಂದೂ ಅಲ್ಲ. ಸೀಲರ್ ಕಲೆ ಇಂಗದಂತೆ ತಡೆಯುತ್ತದೆ, ಹುಳಿ ಕಲ್ಲನ್ನು ತಿನ್ನದಂತೆ ತಡೆಯುವುದಿಲ್ಲ.

ಖರ್ಚು ಬೇಡವೆಂದರೆ ನೆಲವನ್ನು ಇದ್ದ ಹಾಗೆ ಬಿಡುವುದೂ ತಪ್ಪಲ್ಲ. ಆಸಿಡ್ ನಿಲ್ಲಿಸಿ, ಸೌಮ್ಯವಾದ ಸೋಪಿನ ನೀರಿನಲ್ಲಿ ಒರೆಸುತ್ತ ಹೋದರೆ ಓಡಾಟದಲ್ಲೇ ಒಂದಷ್ಟು ನಯವಾಗುತ್ತದೆ. ಕಲ್ಲಿಗೆ ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಸವರಿದರೆ ಹಳೆಯ ಬಣ್ಣ ಬರುತ್ತದೆ ಎನ್ನುವವರಿದ್ದಾರೆ. ಬರುತ್ತದೆ, ಬೀಗರು ಬಂದು ಹೋಗುವವರೆಗೆ. ಆಮೇಲೆ ಎಣ್ಣೆ ಜಿಡ್ಡಾಗಿ ನಿಮ್ಮ ಊರಿನ ಕರಿ ಧೂಳನ್ನೆಲ್ಲ ಹಿಡಿದು ಕೂರಿಸುತ್ತದೆ. ಆ ಮಸಿಯನ್ನು ಬಿಡಿಸುವುದು ಬಿಳಿಯನ್ನು ಬಿಡಿಸುವುದಕ್ಕಿಂತ ಕಷ್ಟ.

ನೀವು ಮೊದಲು ತೆಗೆಯಬೇಕೆಂದಿದ್ದ ಕಲೆ ಎಣ್ಣೆಯದಾಗಿದ್ದು ಇನ್ನೂ ಉಳಿದಿದ್ದರೆ ಅದಕ್ಕೆ ತಿಕ್ಕುವ ಕೆಲಸವಿಲ್ಲ, ಹೀರಿಸಬೇಕು. ಮುಲ್ತಾನಿ ಮಣ್ಣನ್ನು ಬಟ್ಟೆ ಸೋಪಿನ ಪುಡಿಯ ನೀರಿನಲ್ಲಿ ರೊಟ್ಟಿ ಹಿಟ್ಟಿಗಿಂತ ಸ್ವಲ್ಪ ಸಡಿಲವಾಗಿ ಕಲಸಿ, ಕಲೆಯ ಮೇಲೆ ಕಾಲು–ಅರ್ಧ ಇಂಚು ದಪ್ಪ ಮೆತ್ತಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಹಾಳೆ ತೆಗೆದು ತಾನಾಗಿ ಒಣಗಿ ಬಿರುಕು ಬಿಡುವವರೆಗೆ ಕಾಯಿರಿ. ಒಣಗುವಾಗಲೇ ಎಣ್ಣೆ ಮೇಲೆ ಬಂದು ಮಣ್ಣಿಗೆ ಹತ್ತುತ್ತದೆ. ಎಬ್ಬಿಸಿದ ಹೆಂಟೆಯ ತಳ ನೋಡಿದರೆ ಹಳದಿಯಾಗಿರುತ್ತದೆ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾಗಬಹುದು.

ಕರಿ ಧೂಳಿನ ಕಥೆಯೇ ಬೇರೆ, ನಿಮ್ಮ ಮಗನ ಅಂಗಿಯ ಕಥೆಯೂ ಅಲ್ಲೇ ಇದೆ.

ಒಂದು ಅಯಸ್ಕಾಂತ ಹುಡುಕಿ. ಹಳೆಯ ಸ್ಪೀಕರಿನದಾದರೂ ನಡೆಯುತ್ತದೆ. ಅದನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಾಳಿಗೆಯ ಮೇಲೆ ಗುಡಿಸಿದ ಒಣ ಧೂಳಿನಲ್ಲಿ ಆಡಿಸಿ ಮೇಲೆತ್ತಿ. ಕವರಿಗೆ ಕಪ್ಪು ರೋಮ ಎದ್ದಂತೆ ನಿಂತುಕೊಳ್ಳುವುದು ಕಬ್ಬಿಣದ ಅಂಶವಿರುವ ಪುಡಿ. ಕೆಳಗೆ ಉಳಿದು, ಬೆರಳಿಗೆ ಕಾಡಿಗೆಯ ಹಾಗೆ ಹತ್ತುವ ಕಪ್ಪು ಬಹುಪಾಲು ಕಲ್ಲಿದ್ದಲಿನ ಇಂಗಾಲ. ಸ್ಪಾಂಜ್ ಐರನ್ (ಉಕ್ಕು ತಯಾರಿಸಲು ಬಳಸುವ ಕಬ್ಬಿಣ) ಮಾಡುವ ಫ್ಯಾಕ್ಟರಿಗಳಲ್ಲಿ ಅದಿರನ್ನು ಕಲ್ಲಿದ್ದಲಿನ ಜೊತೆ ಗೂಡಿನಲ್ಲಿ, ಕರಗುವ ಹಂತ ಮುಟ್ಟದ ಹಾಗೆ ಕಾಯಿಸುತ್ತಾರೆ. ಅಂಥ ಕಡೆಯ ಧೂಳಿನಲ್ಲಿ ಎರಡೂ ಇರುವುದು ಸಹಜ. ಸಂಡೂರು ಕಡೆಯ ಓದುಗರು ನನ್ನದು ಕೆಂಪು ಧೂಳು, ಅಯಸ್ಕಾಂತಕ್ಕೆ ಹತ್ತುವುದಿಲ್ಲ ಎನ್ನಬಹುದು. ಸರಿಯೇ, ಅಲ್ಲಿನದು ಹೆಚ್ಚಾಗಿ ಹೆಮಟೈಟ್ ಅದಿರಿನ ಪುಡಿ. ಅದು ಆಗಲೇ ತುಕ್ಕಿನ ರೂಪದಲ್ಲಿರುವ ಕಬ್ಬಿಣ, ಬಟ್ಟೆಗೆ ಬಣ್ಣದ ಪುಡಿಯಂತೆ ಹತ್ತುತ್ತದೆ, ಒಣಗಿದ್ದಾಗ ಕೊಡವಿದರೆ ಮುಕ್ಕಾಲು ಹೋಗುತ್ತದೆ.

ನಿಮ್ಮ ಕಡೆಯದು ಹಾಗಲ್ಲ. ತುಕ್ಕು ಹಿಡಿಯದ ಕಬ್ಬಿಣದ ಸಣ್ಣ ಕಣ ಒದ್ದೆ ಅಂಗಿಯ ಮೇಲೆ ಕೂತರೆ ಅಲ್ಲೇ ತುಕ್ಕು ಹಿಡಿದು, ನೂಲಿನೊಳಗೆ ಕಂದು ಚುಕ್ಕೆ ಇಳಿಸುತ್ತದೆ. ಕೂರುವಾಗ ಕಪ್ಪು, ಮರುದಿನ ಕಂದು. ಹಾಗಾಗಿಯೇ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ, ಸೋಪನ್ನು ಬೈಯುತ್ತಾರೆ. ಬ್ಲೀಚ್ ಹಾಕಿದಾಗ ಚುಕ್ಕೆ ಹೆಚ್ಚಿದ್ದೂ ಇದರಿಂದಲೇ. ಬ್ಲೀಚ್ ಮಾಡುವುದು ಉತ್ಕರ್ಷಣ, ಅಂದರೆ ಆಮ್ಲಜನಕ ಕೂಡಿಸುವ ಕೆಲಸ. ತುಕ್ಕು ಆಗಲೇ ಆಮ್ಲಜನಕ ಕೂಡಿದ ಕಬ್ಬಿಣ, ಅದಕ್ಕೆ ಬ್ಲೀಚ್ ಏನೂ ಮಾಡಲಾರದು. ಇನ್ನೂ ತುಕ್ಕಾಗದೆ ಉಳಿದಿದ್ದ ಕಣಗಳನ್ನು ಮಾತ್ರ ಬೇಗ ತುಕ್ಕಾಗಿಸುತ್ತದೆ. ಬೋರ್ ನೀರಿನಲ್ಲಿ ಕರಗಿದ ಕಬ್ಬಿಣವಿದ್ದರೂ ಇದೇ ಗತಿ. ಎತ್ತಿದಾಗ ತಿಳಿಯಾಗಿದ್ದು, ಬಿಂದಿಗೆಯಲ್ಲಿ ರಾತ್ರಿಯಿಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಕೂರುವ ನೀರಿನಲ್ಲಿ ಬಿಳಿ ಬಟ್ಟೆಗೆ ಬ್ಲೀಚ್ ಹಾಕಿದರೆ ಇಡೀ ಬಟ್ಟೆಯೇ ಹಳದಿಗೆ ತಿರುಗುತ್ತದೆ.

ಅಂಗಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಚುಕ್ಕೆಗಳು ಅಲ್ಲಲ್ಲಿ ಚೆಲ್ಲಿದಂತಿದ್ದರೆ ಧೂಳು. ಹೆಗಲಿಗೋ ನಡುವಿಗೋ ಅಡ್ಡಗೆರೆ ಎಳೆದಂತೆ ಸಾಲಾಗಿದ್ದರೆ ತಪ್ಪು ಧೂಳಿನದಲ್ಲ, ಬಟ್ಟೆ ಒಣಹಾಕುವ ತಂತಿಯದು. ತುಕ್ಕು ಹಿಡಿದ ತಂತಿ ಬದಲಿಸಿ ನೈಲಾನ್ ಹಗ್ಗ ಕಟ್ಟಿದರೆ ಮುಗಿಯಿತು.

ತುಕ್ಕಿನ ಚುಕ್ಕೆಗೆ ಬೇಕಾದದ್ದು ಹುಳಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ ಎರಡು ಚಮಚೆ, ಒಂದು ಲೀಟರ್ ಬೆಚ್ಚಗಿನ ನೀರು. ಅದರಲ್ಲಿ ಅಂಗಿಯನ್ನು ಒಂದು ತಾಸು ನೆನೆಹಾಕಿ, ಚುಕ್ಕೆ ಇರುವಲ್ಲಿ ಬೆರಳಿಂದ ಉಜ್ಜಿ. ಅಥವಾ ಚುಕ್ಕೆಯ ಮೇಲೆ ನಿಂಬೆಹೋಳು, ಉಪ್ಪು ಹಚ್ಚಿ ಬಿಸಿಲಿಗೆ ಇಡಿ, ಒಣಗಿದಂತೆ ಮತ್ತೆ ರಸ ಹಾಕುತ್ತಿರಿ. ಒಮ್ಮೆಗೇ ಹೋಗದಿದ್ದರೆ ಇನ್ನೊಮ್ಮೆ ಮಾಡಿ. ಹಾಗೆ ಮಾಡುವ ಮುಂಚೆ ಅಂಗಿಯಲ್ಲಿ ಬ್ಲೀಚಿನ ಲವಲೇಶವೂ ಇರಬಾರದು, ಎರಡು ನೀರಿನಲ್ಲಿ ಜಾಲಿಸಿರಬೇಕು. ಹುಳಿಗೂ ಬ್ಲೀಚಿಗೂ ಆಗಿಬರುವುದಿಲ್ಲ ಎಂದು ಮೇಲೆ ಹೇಳಿದ್ದು ನಿಂಬೆ ಉಪ್ಪಿಗೂ ಅನ್ವಯಿಸುತ್ತದೆ. ಬಣ್ಣದ ಬಟ್ಟೆಯಾದರೆ ಒಳ ಅಂಚಿನಲ್ಲಿ ಮೊದಲು ಪರೀಕ್ಷೆ ಮಾಡಿ. ರೇಷ್ಮೆಗೆ ಈ ಪ್ರಯೋಗ ಬೇಡ, ಡ್ರೈಕ್ಲೀನಿಂಗ್‌ಗೆ ಕೊಡಿ. ಆಕ್ಸಾಲಿಕ್ ಇದಕ್ಕಿಂತ ಜೋರು ಎನ್ನುವುದು ಖರೆ. ಆದರೆ ಬೋರ್ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ಕರಗದ ಬಿಳಿ ಪುಡಿಯಾಗುತ್ತದೆ. ಶಾಲೆಯ ಅಂಗಿಗಾಗಿ ವಿಷದ ಪೊಟ್ಟಣವನ್ನು ಮನೆಗೆ ತರುವಷ್ಟು ಅಗತ್ಯ ನನಗೆ ಕಾಣುವುದಿಲ್ಲ.

ಮುಂದೆ ಚುಕ್ಕೆ ಬೀಳದಿರಲು ಬಟ್ಟೆಯನ್ನು ನೀರಿಗೆ ಹಾಕುವ ಮೊದಲು ಒಣಗಿದ್ದಾಗಲೇ ಹೊರಗೆ ಜೋರಾಗಿ ಕೊಡವಿ. ಒಗೆದ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿಟ್ಟು ಮಧ್ಯಾಹ್ನದವರೆಗೆ ಬಿಡಬೇಡಿ. ಗಾಳಿ ಫ್ಯಾಕ್ಟರಿ ಕಡೆಯಿಂದ ಬೀಸುವ ಹೊತ್ತು ನಿಮಗೇ ಗೊತ್ತಿರುತ್ತದೆ, ಆಗ ಬಿಳಿ ಬಟ್ಟೆ ಒಳಗೆ ಒಣಗಲಿ.

ನೆಲಕ್ಕೂ ಇದೇ ಮಾತು. ಇಂಗಾಲ ನೀರಿನಲ್ಲಿ ಕರಗುವುದಿಲ್ಲ, ಸೋಪಿನಲ್ಲಿ ಕರಗುವುದಿಲ್ಲ, ಆಸಿಡ್ಡಿನಲ್ಲೂ ಕರಗುವುದಿಲ್ಲ. ಎತ್ತಿ ಹೊರಗೆ ಹಾಕುವುದೊಂದೇ ದಾರಿ. ನಮ್ಮಲ್ಲಿ ಬಹಳ ಮಂದಿ ಧೂಳಿನ ಮೇಲೇ ನೇರ ಒದ್ದೆ ಬಟ್ಟೆ ಎಳೆಯುತ್ತಾರೆ. ಒಣ ಪುಡಿ ಕರಿ ಗಂಜಿಯಾಗಿ ಕಲ್ಲಿನ ಗುಂಡಿ, ಸಂದುಗಳಿಗೆ ಇಳಿಯುತ್ತದೆ. ಹಾಗೆಂದು ಕಸಬರಿಗೆ ಬೀಸಿ ಗುಡಿಸಿದರೆ ಅರ್ಧ ಧೂಳು ಗಾಳಿಗೆದ್ದು ಎದೆಗೆ ಹೋಗುತ್ತದೆ, ಉಳಿದದ್ದು ಗಂಟೆ ಬಿಟ್ಟು ಮತ್ತೆ ನೆಲಕ್ಕೇ ಬರುತ್ತದೆ. ಮೈಕ್ರೋಫೈಬರ್ ಬಟ್ಟೆಯ ಚಪ್ಪಟೆ ಮಾಪ್ ಸಿಗುತ್ತದಲ್ಲ, ಅದನ್ನು ಒಣದಾಗಿಯೋ, ತೇವ ಇದೆಯೋ ಇಲ್ಲವೋ ಅನ್ನುವಷ್ಟು ಹಿಂಡಿಯೋ ನಿಧಾನವಾಗಿ ಒಂದೇ ದಿಕ್ಕಿಗೆ ತಳ್ಳಿ, ಬಾಗಿಲ ಹೊರಗೆ ಕೊಡವಿ. ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಒದ್ದೆ ಬಟ್ಟೆ. ನೀರು ಕಪ್ಪಾದ ಕೂಡಲೇ ಬದಲಿಸಿ. ಕರಿ ನೀರಲ್ಲೇ ಮೂರು ಕೋಣೆ ಮುಗಿಸಿದರೆ ಮೊದಲ ಕೋಣೆಯ ಮಸಿಯನ್ನು ಮೂರನೆಯದಕ್ಕೆ ಹಂಚಿದಂತೆಯೇ ಸರಿ. ನೆಲ ಒರೆಸುವ ದ್ರಾವಣ ಜಾಸ್ತಿ ಸುರಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಹೆಚ್ಚಾದ ಸೋಪು ನೆಲದಲ್ಲಿ ಅಂಟಾಗಿ ಉಳಿದು ಸಂಜೆಯ ಧೂಳನ್ನು ಹಿಡಿಯುತ್ತದೆ. ಒರೆಸುವ ನೀರಿಗೆ ಸೀಮೆಎಣ್ಣೆ ಹಾಕುವ ಹಳೆಯ ರೂಢಿಯನ್ನಂತೂ ಬಿಟ್ಟುಬಿಡಿ. ವಾಸನೆ, ಬೆಂಕಿಯ ಭಯ, ಜೊತೆಗೆ ಜಿಡ್ಡು.

ಇಷ್ಟೆಲ್ಲ ಮಾಡಿದರೂ ಧೂಳು ಬರುವುದು ನಿಲ್ಲುವುದಿಲ್ಲ, ಅದು ಮನೆ ಕಸಬರಿಗೆಯಿಂದ ಬಗೆಹರಿಯುವ ವಿಷಯವೂ ಅಲ್ಲ. ಓಣಿಯವರೆಲ್ಲ ಸೇರಿ, ಧೂಳು ಹೆಚ್ಚಿದ ದಿನ–ಹೊತ್ತು ಬರೆದಿಟ್ಟು, ಫೋಟೋ ಸಮೇತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ.

ನಳದ ಬಿಳಿ ಪದರ ಮೂರೂ ತೊಂದರೆಗಳಲ್ಲಿ ಸುಲಭದ್ದು. ಅದು ಗಡಸು ನೀರು ಒಣಗಿದಾಗ ಉಳಿಯುವ ಸುಣ್ಣ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ನಮ್ಮ ದೇಶದ ಐಎಸ್ 10500 ಮಾನದಂಡ. ನಮ್ಮ ಕಡೆಯ ಎಷ್ಟೋ ಬೋರುಗಳು ಆ ಮೇಲಿನ ಗೆರೆಯ ಸುತ್ತಮುತ್ತಲೇ ಇರುತ್ತವೆ. ಪರೀಕ್ಷೆಗೆ ಕೊಟ್ಟಾಗ ಫ್ಲೋರೈಡನ್ನೂ ನೋಡಿ ಎನ್ನಿ, ಕೊಪ್ಪಳ–ರಾಯಚೂರು ಕಡೆ ಅದು ಕಲೆಗಿಂತ ದೊಡ್ಡ ಚಿಂತೆ. ಅದಿರಲಿ. ನಳಕ್ಕೆ ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ತಾಸು ಬಿಟ್ಟರೆ ಪದರ ಮೆತ್ತಗಾಗಿ ಹಳೆಯ ಟೂತ್‌ಬ್ರಷ್ಷಿಗೆ ಬಿಡುತ್ತದೆ. ಆಮೇಲೆ ತೊಳೆದು ಒಣ ಬಟ್ಟೆಯಿಂದ ಒರೆಸಿ. ಹಿಂಡಿದ ಹುಳಿ ನೀರು ಕಲ್ಲಿನ ನೆಲಕ್ಕೋ ಕಡಪ ಕಟ್ಟೆಗೋ ತೊಟ್ಟಿಕ್ಕದಂತೆ ಕೆಳಗೆ ಬಟ್ಟಲಿಡಿ. ಬಕೆಟ್ಟಿಗೂ ಇದೇ ಉಪಾಯ. ಸ್ಟೀಲ್ ಜುಂಗಿನಿಂದ ತಿಕ್ಕಿದರೆ ನಳದ ಹೊಳಪು ಗೀರು ಬೀಳುವುದಲ್ಲದೆ, ಮುರಿದ ಎಳೆಗಳು ಟೈಲ್ಸ್ ಮೇಲೆ ಉಳಿದು ತುಕ್ಕಿನ ಹೊಸ ಚುಕ್ಕೆ ಹುಟ್ಟಿಸುತ್ತವೆ. ಆರ್‌ಒ ಮಷೀನಿನಿಂದ ಹೊರಬರುವ ವ್ಯರ್ಥ ನೀರನ್ನು ಉಳಿತಾಯವೆಂದು ನೆಲ ಒರೆಸಲು ಬಳಸುವವರಿದ್ದಾರೆ. ಅದರಲ್ಲಿ ಬೋರ್ ನೀರಿಗಿಂತಲೂ ಹೆಚ್ಚು ಲವಣ ಇರುತ್ತದೆ, ಒಣಗಿದರೆ ಬಿಳಿ ಗೆರೆ ಖಚಿತ. ಸಂಡಾಸಕ್ಕೆ ಸುರಿಯಲು ಅಡ್ಡಿಯಿಲ್ಲ.

ಬಚ್ಚಲ ಟೈಲ್ಸಿಗೆ ಆಸಿಡ್ ಹಾಕಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟೈಲ್ಸ್ ತಡೆದುಕೊಳ್ಳುತ್ತದೆ, ಸಂದಿನ ಸಿಮೆಂಟ್ ತಡೆದುಕೊಳ್ಳುವುದಿಲ್ಲ. ಸಂದು ಸವೆದ ಮೇಲೆ ನೀರು ಕೆಳಗಿಳಿದು ಗೋಡೆಯ ಆಚೆ ಬದಿ ಬಣ್ಣ ಉಬ್ಬುತ್ತದೆ. ಆಸಿಡ್ಡಿನ ಹಬೆ ಮುಚ್ಚಿದ ಬಚ್ಚಲಲ್ಲಿ ನಳ, ಸ್ಟೀಲ್ ಕಪಾಟು, ಕನ್ನಡಿಯ ಹಿಂಬದಿ ಎಲ್ಲವನ್ನೂ ತಿನ್ನುತ್ತದೆ. ಸಂಡಾಸದ ಬಟ್ಟಲಿಗೆ ಕಂಪನಿ ಬಾಟಲಿಯ ಟಾಯ್ಲೆಟ್ ಕ್ಲೀನರ್ ಸಾಕು. ಲೇಬಲ್ ಇಲ್ಲದ ಬಾಟಲಿಯಲ್ಲಿ ಕೊಡುವ ಬಿಡಿ ಆಸಿಡ್ಡಿನ ಸಹವಾಸ ಬೇಡ. 2013ರಲ್ಲಿ ಸುಪ್ರೀಂ ಕೋರ್ಟ್ ಬಿಡಿ ಆಸಿಡ್ ಮಾರಾಟಕ್ಕೆ ಕಟ್ಟುನಿಟ್ಟು ಮಾಡಿ, ಕೊಳ್ಳುವವರ ಗುರುತಿನ ಚೀಟಿ, ವಿಳಾಸ ಬರೆದುಕೊಳ್ಳಬೇಕೆಂದು ಹೇಳಿದೆ. ಏನನ್ನೂ ಕೇಳದೆ ಕೊಡುವ ಅಂಗಡಿಯ ಬಾಟಲಿಯಲ್ಲಿ ಎಷ್ಟು ತೀಕ್ಷ್ಣ ಆಸಿಡ್ ಇದೆ ಎಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಮೈದುನನ ಸೋಡಾ-ವಿನೆಗರ್ ಅಪಾಯವಲ್ಲ, ಬರೀ ನಿರುಪಯೋಗಿ. ಒಂದು ಹುಳಿ, ಒಂದು ಕ್ಷಾರ. ಕೂಡಿಸಿದರೆ ನೊರೆ ಎದ್ದು ಎರಡರ ಶಕ್ತಿಯೂ ಅಲ್ಲೇ ತೀರಿ, ಉಳಿಯುವುದು ಸಪ್ಪೆ ಉಪ್ಪುನೀರು. ಬೇರೆ ಬೇರೆಯಾಗಿ ಎರಡೂ ಕೆಲಸಕ್ಕೆ ಬರುತ್ತವೆ. ಒಲೆಯ ಸುತ್ತಲಿನ ಎಣ್ಣೆ ಜಿಡ್ಡಿಗೆ ಸೋಡಾ, ನಳದ ಸುಣ್ಣಕ್ಕೆ ವಿನೆಗರ್. ನಿಮ್ಮ ಕಲ್ಲಿಗೆ ಮಾತ್ರ ವಿನೆಗರ್, ನಿಂಬೆ, ಹುಣಸೆ ಮೂರೂ ಬೇಡ. ಕಡಪ ಕಟ್ಟೆಯ ಮೇಲೆ ಸಾರಿನ ಪಾತ್ರೆಯ ತಳದ ಗಾತ್ರಕ್ಕೆ ಬಿಳಿ ಬಳೆ ಮೂಡಿದ್ದರೆ ಅದು ಹುಳಿ ತಿಂದ ಗುರುತೇ.

ಅರಿಶಿನದ ಕಲೆಗೆ ಯಾರೂ ಗಾಬರಿಯಾಗಬೇಕಿಲ್ಲ. ಸೋಪು ಹಚ್ಚಿದ ಕೂಡಲೇ ಕೆಂಪಾಗುವುದು ಕ್ಷಾರ ತಗುಲಿದ್ದರಿಂದ, ಬಟ್ಟೆ ಕೆಟ್ಟಿತೆಂದಲ್ಲ. ತೊಳೆದು ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣಕ್ಕೆ ಬಿಸಿಲು ತಡೆಯುವ ಶಕ್ತಿಯಿಲ್ಲ, ನಮ್ಮ ಜಿಲ್ಲೆಗಳಲ್ಲಿ ಬಿಸಿಲಿಗೇನು ಬರ!

ಕಲ್ಲು ಕಿತ್ತು ಟೈಲ್ಸ್ ಹಾಕಿಸುವ ವಿಚಾರ. ನಾನಾದರೆ ಹಾಕಿಸುವುದಿಲ್ಲ. ಕೆಟ್ಟಿರುವುದು ಮೇಲಿನ ತೆಳು ಪದರ, ಕಲ್ಲಿನ ಆಯುಷ್ಯವಲ್ಲ. ಹೊಳೆಯುವ ತಿಳಿ ಬಣ್ಣದ ಟೈಲ್ಸಿನ ಮೇಲೆ ನಿಮ್ಮ ಊರಿನ ಧೂಳಿನ ಪ್ರತಿ ಹೆಜ್ಜೆಯೂ ಅಚ್ಚೊತ್ತಿದಂತೆ ಕಾಣುತ್ತದೆ, ಒಣ ಪುಡಿಯ ಮೇಲೆ ಕಾಲು ಜಾರುತ್ತದೆ, ಬಿಳಿ ಸಂದು ಆರು ತಿಂಗಳಲ್ಲಿ ಕಪ್ಪು. ಕಲ್ಲಿನ ಮೇಲೆಯೇ ಟೈಲ್ಸ್ ಅಂಟಿಸುವುದು ಅಗ್ಗ ಎನ್ನುತ್ತಾರೆ, ಆಗ ನೆಲದ ಮಟ್ಟ ಏರಿ ಬಾಗಿಲುಗಳ ಬುಡ ಕೊಯ್ಯಬೇಕಾಗುತ್ತದೆ, ಕೆಳಗಿನ ಸಡಿಲ ಕಲ್ಲು ಮೇಲಿನ ಟೈಲ್ಸನ್ನೂ ಎಬ್ಬಿಸುತ್ತದೆ. ಹಾಕಿಸಲೇಬೇಕೆಂದು ಮನೆಯವರೆಲ್ಲ ಪಟ್ಟು ಹಿಡಿದರೆ ನಡುಬಣ್ಣದ, ಹೊಳಪಿಲ್ಲದ ಟೈಲ್ಸ್ ಆರಿಸಿ, ಸಂದಿಗೆ ಬಿಳಿ ಸಿಮೆಂಟಿನ ಬದಲು ಎಪಾಕ್ಸಿ ಎಂಬ ರಾಳದ ಅಂಟು ತುಂಬಿಸಿ. ದುಬಾರಿಯಾದರೂ ಅದು ಆಸಿಡ್ಡಿಗೂ ಮಸಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಜಾತ್ರೆ ಹತ್ತಿರವಿದ್ದರೆ ಈಗ ಪಾಲಿಶ್‌ಗೆ ಕೈ ಹಾಕಬೇಡಿ. ರಾಡಿ ಒಣಗುವ ಮುಂಚೆಯೇ ಬೀಗರು ಬಂದು ನಿಂತಾರು, ಅವಸರಕ್ಕೆ ಒಪ್ಪಿಕೊಳ್ಳುವ ಕೆಲಸಗಾರರು ನಡುವಿನ ಎರಡು ನಂಬರು ಹಾರಿಸಿ ಕೊನೆಯ ಹೊಳಪಿಗೇ ಹೋಗುತ್ತಾರೆ. ಧೂಳು ಎತ್ತಿ, ಬರೀ ನೀರಿನಲ್ಲಿ ಒರೆಸಿ, ಪಡಸಾಲೆಗೆ ಜಮಖಾನ ಹಾಸಿ. ಮಗನ ಅಂಗಿಯ ಚುಕ್ಕೆ ಮಾತ್ರ ಈ ವಾರವೇ ತೆಗೆಯಿರಿ, ತುಕ್ಕು ಹಳೆಯದಾದಷ್ಟೂ ಬಿಡುವುದು ತಡ. ಪಾಲಿಶ್‌ಗೆ ಒಳ್ಳೆಯ ಸಮಯ ಜಾತ್ರೆ ಮುಗಿದ ಮೇಲಿನ ಒಣ ತಿಂಗಳುಗಳು, ಸೀಲರ್ ಹಾಕುವ ಮುಂಚೆ ಕಲ್ಲು ಬೇಗ ಒಣಗುತ್ತದೆ. ಪಾಲಿಶ್‌ನವರನ್ನು ಕರೆಸಿದಾಗ ಮೊದಲು ಮಂಚದ ಕೆಳಗಿನ ಒಂದು ಕಲ್ಲನ್ನು ಮಾತ್ರ ಮಾಡಿ ತೋರಿಸಲು ಹೇಳಿ. ಅದು ಪೂರ್ತಿ ಒಣಗಿದ ಮೇಲೆ ನೋಡಿ, ಒಪ್ಪಿಗೆಯಾದರೆ ಚದರ ಅಡಿಯ ದರ ಮಾತಾಡಿ.